‘ಇಲ್ಲ’ ಎಂದವನಿಗೆ ಆಸರೆ ಯಾರು?

ಕಳೆದ ಸಂಚಿಕೆ ಅಚ್ಚಿಗೆ ಹೋದ ವಾರವೇ ನಡೆದ ಸಂಗತಿ ಇದು. ಜೀಡಿಮೆಟ್ಲಾದ ಕೈಗಾರಿಕಾ ವಸಾಹತಿನಿಂದ ಶಾಪೂರನಗರದ ಕಡೆಗೆ ಬರುವ ಹಾದಿಯಲ್ಲಿ ಒಂದು ಔಷಧದಂಗಡಿ. ರಾತ್ರಿ ಹತ್ತು ಗಂಟೆ ದಾಟಿತ್ತು. ಎರಡನೆಯ ಪಾಳಿ ಮುಗಿಸಿದ ಕಾರ್ಮಿಕರು ಮನೆಗೆ ಮರಳುವ ಹೊತ್ತು. ಅಂಗಡಿಯಲ್ಲಿದ್ದವನು ಬೀದರ ಜಿಲ್ಲೆಯ ಹಳ್ಳಿಯೊಂದರಿಂದ ಬಂದ, ಔಷಧಶಾಸ್ತ್ರದಲ್ಲಿ ಡಿಪ್ಲೊಮಾ ಪಡೆದ ತರುಣ. ಗಿರಾಕಿಯೊಬ್ಬ ಬಂದು ನಿದ್ದೆಯ ಗುಳಿಗೆ ಕೇಳಿದ. ವೈದ್ಯರ ಚೀಟಿ ಇರಲಿಲ್ಲ. ಹುಡುಗ ‘ಇಲ್ಲ’ ಎಂದ. ಎರಡನೆಯ ಸಲ ಕೇಳುವಾಗ ಬೈಗುಳ ಸೇರಿತು. ಮೂರನೆಯ ಸಲ ಮಾತಿರಲಿಲ್ಲ. ಕೌಂಟರಿನ ಮೇಲಿಂದ ಚಾಚಿದ ಕೈ ಕೆನ್ನೆಗೆ ಎರಡು ಸಲ ಬಿತ್ತು, ಗಾಜಿನ ಭರಣಿಗಳು ನೆಲಕ್ಕುರುಳಿದವು. ಅಲ್ಲಿ ನಿಂತಿದ್ದ ನಾಲ್ಕೈದು ಜನರಲ್ಲಿ ಒಬ್ಬ ನಕ್ಕ, ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆದ. ಮಾಲೀಕರಿಗೆ ಫೋನು ಮಾಡಿದಾಗ ಬಂದ ಉತ್ತರ: ಕೊಟ್ಟು ಕಳಿಸಬಾರದಿತ್ತೇ, ಪೊಲೀಸರನ್ನು ಯಾಕೆ ಅಂಗಡಿಗೆ ಕರೆಯುತ್ತೀ? ತಿಂಗಳ ಕೊನೆಗೆ ಒಡೆದ ಭರಣಿಗಳ ಬೆಲೆ ಸಂಬಳದಲ್ಲಿ ಕಡಿತವಾಗಿತ್ತು.

ಸಂಘದ ಗ್ರಂಥಾಲಯಕ್ಕೆ ಆಗಾಗ ಬರುವ ಹುಡುಗ ಅವನು. ವಿಚಾರಿಸಿದಾಗ ಅವನು ಹೇಳಿದ ಮಾತನ್ನು ಅವನದೇ ನುಡಿಯಲ್ಲಿ ಕೊಡುತ್ತಿದ್ದೇವೆ: “ಕಾಕಾ, ಪೆಟ್ಟು ಎರಡ ದಿನಕ್ಕ ವಾಸಿ ಆಯ್ತು. ಬಾಜೂಕ ನಿಂತವರು ನಕ್ಕರಲ್ಲ, ಅದು ಮನಸಿನಿಂದ ಹೋಗವಲ್ದು. ಚೀಟಿ ಇಲ್ದ ಕೊಡಬ್ಯಾಡ ಅಂತ ಸರ್ಕಾರ ಹೇಳ್ತದ. ಕೊಡಲಿಲ್ಲ ಅಂದ್ರ ಹೊಡಸ್ಕೋ ಅಂತ ಯಾರು ಹೇಳ್ಯಾರ?”

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸಾಹಿತ್ಯ, ಸಂಸ್ಕೃತಿ, ಗಡಿ, ಭಾಷೆಗಳ ಬಗೆಗೆ ಬರೆಯುವ ಈ ಪತ್ರಿಕೆ ಒಬ್ಬ ಅಂಗಡಿ ಹುಡುಗನ ಕೆನ್ನೆಯೇಟಿಗೆ ಸಂಪಾದಕೀಯವನ್ನೇಕೆ ಮೀಸಲಿಡಬೇಕೆಂದು ಕೆಲವು ಓದುಗರು ಕೇಳಬಹುದು. ಹೊರನಾಡ ಕನ್ನಡಿಗನ ಇತಿಹಾಸದ ಬಹುಪಾಲು ಅಂಗಡಿಯ ಕಟ್ಟೆಯ ಹಿಂದೆಯೇ ನಡೆದಿದೆ ಎಂಬುದನ್ನು ಅವರಿಗೆ ನೆನಪಿಸಬೇಕಾಗಿದೆ. ಉಡುಪಿಯ ಹೋಟೆಲಿನ ಗಲ್ಲಾದಲ್ಲಿ ಕುಳಿತವರು, ಬೇಕರಿಯಲ್ಲಿ ರೊಟ್ಟಿ ಕಟ್ಟಿಕೊಟ್ಟವರು, ಬಟ್ಟೆಯಂಗಡಿಯಲ್ಲಿ ದಿನವಿಡೀ ಥಾನು ಬಿಚ್ಚಿ ಮಡಿಸಿದವರು ನಮ್ಮವರೇ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರುಗಳಿಗೆ ಹೈದರಾಬಾದು ರಾಜಧಾನಿಯೇ ಆಗಿತ್ತು. ರಾಜ್ಯಗಳು ಬೇರೆಯಾದರೂ ಹೊಟ್ಟೆಪಾಡಿನ ಹಾದಿ ಬೇರೆಯಾಗಲಿಲ್ಲ. ಅಂದು ಆ ಜಿಲ್ಲೆಗಳಿಂದ ಕಚೇರಿಯ ಕೆಲಸಕ್ಕೆ ಬರುತ್ತಿದ್ದರು. ಇಂದು ಜೀಡಿಮೆಟ್ಲಾ, ಬಾಲಾನಗರ, ಚಿಂತಲ್‌ಗಳ ಕಾರ್ಖಾನೆಗಳಿಗೂ, ಆ ಕಾರ್ಖಾನೆಗಳನ್ನು ನಂಬಿ ಬದುಕುವ ಅಂಗಡಿಗಳಿಗೂ ಬರುತ್ತಾರೆ. ಕನ್ನಡದ ಕೂಲಿಕಾರ ಎಲ್ಲಿ ನಿಂತಿದ್ದಾನೆಂಬುದನ್ನು ಅರಿಯದ ಕನ್ನಡ ಸಂಘಕ್ಕೆ ರಾಜ್ಯೋತ್ಸವದ ತೋರಣ ಶೋಭಿಸುವುದಿಲ್ಲ.

ನಡೆದದ್ದರ ಸ್ವರೂಪವನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ. ನಿದ್ದೆಗೂ ಆತಂಕಕ್ಕೂ ಕೊಡುವ ಅಲ್ಪ್ರಜೋಲಾಂನಂಥ ಮದ್ದುಗಳು ಔಷಧ ನಿಯಮಗಳ ಎಚ್-ಒಂದು ಅನುಸೂಚಿಗೆ ಸೇರಿದವು. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಈ ನಿಯಮದಂತೆ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಇದು ಹುರುಳಿಲ್ಲದ ನಿಯಮವೇನೂ ಅಲ್ಲ. ಸೇಂದಿಗೆ ಇದೇ ಮದ್ದನ್ನು ಬೆರೆಸುವ ಪಿಡುಗು ತೆಲಂಗಾಣದಲ್ಲಿ ಹಳೆಯದು. 2025ರ ಜುಲೈನಲ್ಲಿ, ಜೀಡಿಮೆಟ್ಲಾಕ್ಕೆ ಸಮೀಪದ ಕೂಕಟಪಲ್ಲಿ ಭಾಗದಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಆ ರಾತ್ರಿ ನಮ್ಮ ಹುಡುಗ ಆಡಿದ ‘ಇಲ್ಲ’ ಅವನ ಸ್ವಂತದ ಮೊಂಡುತನವಾಗಿರಲಿಲ್ಲ. ರಾಜ್ಯವೇ ಅವನ ಬಾಯಿಂದ ಆಡಿಸಿದ ಮಾತಾಗಿತ್ತು. ಮಾತು ರಾಜ್ಯದ್ದು, ಏಟು ಹುಡುಗನದು.

ಇಂಥ ‘ಇಲ್ಲ’ಗಳನ್ನು ಅಂಗಡಿಯವರ ಬಾಯಲ್ಲಿ ಇಡುವ ಕೆಲಸ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹದಿನೆಂಟು ತುಂಬದವರಿಗೆ ಬೀಡಿ ಸಿಗರೇಟು ಕೊಡಬೇಡವೆಂದು 2003ರ ತಂಬಾಕು ಕಾಯ್ದೆ ಹೇಳುತ್ತದೆ. ತೆಲಂಗಾಣದಲ್ಲಿ ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದಾಗ ಆ ನಿರ್ಧಾರದ ಬಿಸಿಯನ್ನು ಮೊದಲು ಉಂಡವರು ಅಂಗಡಿ, ಪೆಟ್ರೋಲ್ ಬಂಕುಗಳ ಹುಡುಗರು. 2020ರ ಮಹಾಮಾರಿಯ ಕಾಲದಲ್ಲಿ ಮುಖಗವಸಿಲ್ಲದವರನ್ನು ಒಳಗೆ ಬಿಡಬೇಡವೆಂದು ಆಜ್ಞೆಯಾಯಿತು. ಬಾಗಿಲಲ್ಲಿ ನಿಂತು ತಡೆಯಬೇಕಾದವನು ಮತ್ತೆ ಅದೇ ಎಂಟು ಹತ್ತು ಸಾವಿರದ ನೌಕರ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧ. ಈಚೆಗೆ ಮೊಬೈಲಿನ ಪಾವತಿ ಬಂದಿದೆ: ಗಿರಾಕಿಯ ಖಾತೆಯಿಂದ ಹಣ ಹೋಗಿದೆ, ಅಂಗಡಿಯ ಪೆಟ್ಟಿಗೆ ಸದ್ದು ಮಾಡಿಲ್ಲ, ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ, ಬೈಸಿಕೊಳ್ಳುವವನು ಮಾತ್ರ ಒಬ್ಬನೇ. ದಿಲ್ಲಿಯಲ್ಲೋ ಮುಂಬಯಿಯಲ್ಲೋ ಕುಳಿತವರು ಮಾಡಿದ ನಿಯಮವನ್ನು ಪ್ರಜೆಗೆ ಎದುರುಬದುರಾಗಿ ಹೇಳಬೇಕಾದವನು ಈ ಅಂಗಡಿ ನೌಕರ. ಸಮವಸ್ತ್ರವಿಲ್ಲದ, ಅಧಿಕಾರವಿಲ್ಲದ, ಪಿಂಚಣಿಯಿಲ್ಲದ ಸರಕಾರಿ ಜವಾನನಂತೆ ಅವನನ್ನು ದುಡಿಸಿಕೊಳ್ಳಲಾಗುತ್ತಿದೆ.

ದುಡಿಸಿಕೊಳ್ಳುವಾಗ ಇರುವ ಈ ಸಲಿಗೆ ರಕ್ಷಿಸುವಾಗ ಕಾಣುವುದಿಲ್ಲ. ಅಂಚೆ ಕಚೇರಿಯ ಗುಮಾಸ್ತರನ್ನು ಕರ್ತವ್ಯದಿಂದ ತಡೆಯಲು ಯಾರಾದರೂ ಕೈಯೆತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಮಿನಂತೆ ಎರಡು ವರ್ಷದವರೆಗೆ ಸೆರೆವಾಸವಿದೆ. ಪೊಲೀಸರು ನೇರವಾಗಿ ಬಂಧಿಸಬಹುದು, ಜಾಮೀನು ಹಕ್ಕಿನಿಂದ ಸಿಗುವುದಿಲ್ಲ. ಅದೇ ಬೀದಿಯ ಪಕ್ಕದ ಅಂಗಡಿಯ ಹುಡುಗನ ಕೆನ್ನೆಗೆ ಬಿದ್ದ ಏಟು 115ನೆಯ ಕಲಮಿನ ಸಾಮಾನ್ಯ ಗಾಯಕ್ಕೆ ಸೇರುತ್ತದೆ. ಒಂದು ವರ್ಷದವರೆಗಿನ ಸೆರೆ ಅಥವಾ ಹತ್ತು ಸಾವಿರದವರೆಗಿನ ದಂಡ ಎಂದು ಪುಸ್ತಕದಲ್ಲಿದೆ, ನಿಜ. ಆದರೆ ಅದು ಅಸಂಜ್ಞೇಯ ಅಪರಾಧ; ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಯನ್ನೇ ಕೈಗೊಳ್ಳುವಂತಿಲ್ಲ. ಎಲುಬು ಮುರಿದರೆ, ಹೆಣ್ಣುಮಗಳ ಮಾನಕ್ಕೆ ಕೈಹಾಕಿದರೆ ಮಾತು ಬೇರೆ. ಕೆನ್ನೆಯೇಟು, ಕೊರಳಪಟ್ಟಿ ಹಿಡಿದೆಳೆಯುವುದು, ಮುಖಕ್ಕೆ ಸಾಮಾನು ಎಸೆಯುವುದು, ತಾಯಿ ತಂಗಿಯರ ಹೆಸರೆತ್ತಿ ಬೈಯುವುದು, ಇವು ದಿನನಿತ್ಯ ಅಂಗಡಿಯಲ್ಲಿ ನಡೆಯುವಂಥವು; ಇವುಗಳಲ್ಲಿ ಹೆಚ್ಚಿನವು ಠಾಣೆಯ ಮೆಟ್ಟಿಲಲ್ಲಿಯೇ ಉಳಿದುಬಿಡುತ್ತವೆ. ದಿನದ ಕೂಲಿ ಬಿಟ್ಟು ನ್ಯಾಯಾಲಯಕ್ಕೆ ಅಲೆಯುವ ಶಕ್ತಿ ಯಾವ ಅಂಗಡಿ ಹುಡುಗನಿಗಿದೆ? ದೇಶದ ಅಪರಾಧಗಳ ವಾರ್ಷಿಕ ವರದಿಯಲ್ಲಿ ಅಂಗಡಿ ನೌಕರರ ಮೇಲಿನ ಹಲ್ಲೆಗೆ ಪ್ರತ್ಯೇಕ ಶೀರ್ಷಿಕೆಯೂ ಇಲ್ಲ. ಎಣಿಕೆಯಾಗದ ನೋವಿಗೆ ಪರಿಹಾರ ಹುಡುಕುವವರು ವಿರಳ.

ವೃತ್ತಿಯೊಂದಕ್ಕೆ ವಿಶೇಷ ರಕ್ಷಣೆ ಕೊಡುವುದು ನಮ್ಮಲ್ಲಿ ಕೇಳರಿಯದ ಸಂಗತಿಯಲ್ಲ. ವೈದ್ಯರು, ದಾದಿಯರು, ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಹಲ್ಲೆ ತಡೆಯಲು ಅವಿಭಜಿತ ಆಂಧ್ರಪ್ರದೇಶ 2008ರಲ್ಲಿ, ಕರ್ನಾಟಕ 2009ರಲ್ಲಿ ಕಾಯ್ದೆ ಮಾಡಿದವು. 2020ರಲ್ಲಿ ಕೇಂದ್ರವೇ ಸಾಂಕ್ರಾಮಿಕ ರೋಗಗಳ ಹಳೆಯ ಕಾಯ್ದೆಯನ್ನು ತಿದ್ದಿ ಆರೋಗ್ಯ ಕಾರ್ಯಕರ್ತರ ಮೇಲಿನ ಹಿಂಸೆಗೆ ಮೂರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆಯನ್ನು ಗೊತ್ತುಮಾಡಿತು. ಅವು ಬೇಕಾದ ಕಾಯ್ದೆಗಳೇ. ಆದರೆ ಆಸ್ಪತ್ರೆಗಾಗಿ ಬರೆದ ಕಾಯ್ದೆ ಬೀದಿಯ ಅಂಗಡಿಗಾಗಿ ಬರೆದದ್ದಲ್ಲ. ಚೀಟಿ ಬರೆಯುವ ಕೈಗೆ ಆಸರೆಯಿದೆ. ಚೀಟಿ ಕೇಳುವ ಬಾಯಿಗೆ ಇಲ್ಲ.

ಹೊರದೇಶಗಳಲ್ಲಿ ಈ ಅನ್ಯಾಯವನ್ನು ಗುರುತಿಸಿದವರಿದ್ದಾರೆ. ಸ್ಕಾಟ್ಲೆಂಡಿನ ಶಾಸನಸಭೆ 2021ರಲ್ಲಿ ಅಂಗೀಕರಿಸಿದ, ಅದೇ ವರ್ಷದ ಆಗಸ್ಟ್ 24ರಿಂದ ಜಾರಿಗೆ ಬಂದ ಕಾಯ್ದೆಯೊಂದು ಅಂಗಡಿ ನೌಕರರ ಮೇಲಿನ ಹಲ್ಲೆ, ಬೆದರಿಕೆ, ನಿಂದನೆಗಳನ್ನು ಪ್ರತ್ಯೇಕ ಅಪರಾಧವೆಂದು ಘೋಷಿಸಿತು. ವಯಸ್ಸಿನ ನಿರ್ಬಂಧವಿರುವ ವಸ್ತುವನ್ನು ಕಾನೂನಿನಂತೆ ನಿರಾಕರಿಸುವಾಗ ಹಲ್ಲೆಯಾದರೆ ಅಪರಾಧದ ತೂಕ ಇನ್ನೂ ಹೆಚ್ಚೆಂದು ಆ ಕಾಯ್ದೆ ಹೇಳುತ್ತದೆ. ನಮ್ಮ ಬೀದರದ ಹುಡುಗ ಕೇಳಿದ ಪ್ರಶ್ನೆಯ ಉತ್ತರ ಅಲ್ಲಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 2023ರಲ್ಲಿ ಮಾಡಿದ ಕಾನೂನಿನಂತೆ ಕೆಲಸದಲ್ಲಿರುವ ಅಂಗಡಿ ನೌಕರನ ಮೇಲೆ ಕೈಮಾಡಿದರೆ, ಗಾಯವಾಗದಿದ್ದರೂ, ನಾಲ್ಕು ವರ್ಷದವರೆಗೆ ಸೆರೆಯಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 190ನೆಯ ಒಡಂಬಡಿಕೆಯಲ್ಲಿ ಹಿಂಸೆಯಿಲ್ಲದ ಕೆಲಸದ ಜಾಗ ದುಡಿಯುವ ಎಲ್ಲರ ಹಕ್ಕೆಂದು 2019ರಲ್ಲಿಯೇ ಸಾರಿದೆ.

ಅಷ್ಟು ದೂರ ಹೋಗುವುದೇಕೆ? ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ಸಂಘಟಿತರಾದರು. ಅಂಥ ಹೋರಾಟದ ಫಲವಾಗಿ 2018ರಲ್ಲಿ ಕೇರಳ ತನ್ನ ಅಂಗಡಿ ಮುಂಗಟ್ಟುಗಳ ಕಾಯ್ದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಕಾಸರಗೋಡಿನ ಕನ್ನಡತಿಗೆ ಇಂದು ಅಂಗಡಿಯಲ್ಲಿ ಕುಳಿತುಕೊಳ್ಳಲು ಕಾನೂನಿನ ಬೆಂಬಲವಿದೆಯೆಂದರೆ ಅದನ್ನು ಗಳಿಸಿಕೊಟ್ಟವರು ಆ ಸಾಮಾನ್ಯ ಮಾರಾಟಗಾರ್ತಿಯರು. ಹಕ್ಕುಗಳು ಮೇಲಿಂದ ಉದುರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮಾಲೀಕ, ಸಹೋದ್ಯೋಗಿಗಳಿಗಷ್ಟೇ ಸಂಬಂಧಿಸಿದ್ದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೆಲಸದ ಜಾಗದಲ್ಲಿ ಸಂಪರ್ಕಕ್ಕೆ ಬರುವ ಹೊರಗಿನವರಿಂದ, ಎಂದರೆ ಗಿರಾಕಿಗಳಿಂದಲೂ, ರಕ್ಷಣೆ ಕೊಡುವುದು ಮಾಲೀಕನ ಕರ್ತವ್ಯವೆಂದು ಆ ಕಾಯ್ದೆ ಹೇಳುತ್ತದೆ. ಹತ್ತು ಜನರಿಗಿಂತ ಕಡಿಮೆ ನೌಕರರಿರುವ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಂಗಡಿಗಳನ್ನು ಹಗಲಿರುಳೂ ತೆರೆದಿಡಲು ಕರ್ನಾಟಕ 2021ರಲ್ಲಿ, ತೆಲಂಗಾಣ 2023ರಲ್ಲಿ ಅನುಮತಿ ಕೊಟ್ಟವು. ರಾತ್ರಿಯ ಕೆಲಸಕ್ಕೆ ಹೆಣ್ಣುಮಕ್ಕಳ ಒಪ್ಪಿಗೆ ಬೇಕು, ಅವರಿಗೆ ವಾಹನದ ಏರ್ಪಾಡಾಗಬೇಕು ಎಂಬ ಷರತ್ತುಗಳು ಅದರಲ್ಲಿವೆ. ಅಂಗಡಿಯ ದೀಪ ನಡುರಾತ್ರಿಯವರೆಗೆ ಉರಿಯುತ್ತಿರುವುದು ಎಲ್ಲರಿಗೂ ಕಾಣುತ್ತದೆ; ಆ ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂದು ಕೇಳುವವರು ಬೇಕಾಗಿದ್ದಾರೆ.

ಇಷ್ಟು ಸರಕಾರದ ಮಾತಾಯಿತು. ಇನ್ನು ನಮ್ಮವರ ಮಾತು. ಈ ಪತ್ರಿಕೆಯ ಚಂದಾದಾರರಲ್ಲಿ ಅಂಗಡಿಯ ಮಾಲೀಕರು ಕಡಿಮೆಯಿಲ್ಲ. ಸಂಘದ ಕಟ್ಟಡದಿಂದ ಹಿಡಿದು ನಾಡಹಬ್ಬದ ಊಟದವರೆಗೆ ಅವರ ಔದಾರ್ಯವನ್ನು ನಾವು ಉಂಡವರೇ. ಆ ಸಲಿಗೆಯಿಂದಲೇ ಕೇಳುತ್ತೇವೆ. ಗಿರಾಕಿ ದೇವರೆಂಬ ಫಲಕವನ್ನು ಗಲ್ಲಾದ ಮೇಲೆ ತೂಗುಹಾಕಿದ್ದೀರಿ. ದೇವರು ಹೊಡೆದಾಗ ಪೂಜಾರಿಯ ಪಾಡೇನು? ಏಟು ತಿಂದ ಹುಡುಗನಿಗೆ ‘ಕೊಟ್ಟು ಕಳಿಸಬಾರದಿತ್ತೇ’ ಎನ್ನುವ ಮಾಲೀಕ ಎರಡು ತಪ್ಪು ಮಾಡುತ್ತಾನೆ: ಕಾನೂನನ್ನು ಮುರಿಯಲು ಹೇಳುತ್ತಾನೆ, ಮುರಿಯದವನನ್ನು ಒಂಟಿಯಾಗಿ ಬಿಡುತ್ತಾನೆ. ಒಡೆದ ಸಾಮಾನಿನ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುವುದಂತೂ ನ್ಯಾಯವೂ ಅಲ್ಲ, ಕಾನೂನೂ ಅಲ್ಲ. ನೌಕರನ ಸ್ವಂತ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ಕಡಿತ ಮಾಡಬಹುದೆಂದು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು; 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಪರರು ಹೊಡೆದು ಒಡೆದದ್ದು ಹುಡುಗನ ಅಲಕ್ಷ್ಯವಾಗುವುದು ಹೇಗೆ? ಕಾಯಕದ ಘನತೆಯನ್ನು ಜಗತ್ತಿಗೆ ಸಾರಿದ ಕಲ್ಯಾಣ ಈ ನಗರದಿಂದ ಅರ್ಧ ದಿನದ ಹಾದಿ. ಆ ಘನತೆ ಬಸವ ಜಯಂತಿಯ ಭಾಷಣಕ್ಕಷ್ಟೇ ಮೀಸಲಾದದ್ದಲ್ಲ.

ಇದಕ್ಕಿಂತ ಕಹಿಯಾದ ಮಾತೊಂದು ಉಳಿದಿದೆ. ಅದನ್ನು ಹೇಳದೆ ಹೋದರೆ ಈ ಸಂಪಾದಕೀಯ ಅರ್ಧಸತ್ಯವಾಗುತ್ತದೆ. ಭಾಷೆಯ, ನೀರಿನ ಜಗಳಗಳಲ್ಲಿ ಮೊದಲು ಬಲಿಯಾಗುವುದು ಅಂಗಡಿ. 2016ರ ಸೆಪ್ಟೆಂಬರ್ 12ರಂದು, ಕಾವೇರಿಯ ಗಲಭೆಯಲ್ಲಿ, ಚೆನ್ನೈನಲ್ಲಿ ಕನ್ನಡಿಗರ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸು ಲಾರಿಗಳು ಸುಟ್ಟುಹೋದವು. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಬಳಿ, ಮರಾಠಿಯಲ್ಲಿ ಮಾತನಾಡಲಿಲ್ಲವೆಂದು ನಮ್ಮ ಸಾರಿಗೆ ಸಂಸ್ಥೆಯ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾದಾಗ ಕನ್ನಡನಾಡು ನೊಂದಿತು, ಎರಡು ರಾಜ್ಯಗಳ ನಡುವೆ ಬಸ್ಸು ನಿಂತಿತು. ಅದೇ ವರ್ಷ ಮುಂಬಯಿ ಬಳಿಯ ಮೀರಾ ರೋಡಿನಲ್ಲಿ ಮರಾಠಿ ಆಡದ ಅಂಗಡಿಕಾರನ ಕೆನ್ನೆಗೆ ಹೊಡೆದರು. ಇವನ್ನೆಲ್ಲ ನಾವು ಖಂಡಿಸಿದ್ದೇವೆ. ಆದರೆ 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಅಂಗಡಿ ಫಲಕಗಳನ್ನು ಒಡೆದುಹಾಕಿದವರು ಕನ್ನಡದ ಹೆಸರಿನಲ್ಲಿಯೇ ಬಂದಿದ್ದರು. ಫಲಕದ ಶೇಕಡಾ 60 ಭಾಗ ಕನ್ನಡವಿರಬೇಕೆಂಬ ಬೇಡಿಕೆ ನ್ಯಾಯವಾದದ್ದು. ಅದಕ್ಕೆ ನಮ್ಮ ಪೂರ್ಣ ಸಮ್ಮತಿಯಿದೆ. ಆದರೆ ಫಲಕ ಬರೆಸಿದವನು ಮಾಲೀಕ, ಒಡೆಯುವಾಗ ಒಳಗೆ ನಡುಗುತ್ತ ನಿಂತವನು ನೌಕರ. ಅವನು ಬಿಹಾರದವನಿರಬಹುದು, ರಾಯಚೂರಿನವನೂ ಇರಬಹುದು. ಊರು ಬಿಟ್ಟು ಬಂದ ನಾವು ಚೆನ್ನೈನಲ್ಲಿ, ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ ಆ ಗಾಜಿನ ಹಿಂದೆ ನಿಂತವರು. ಒಳಗಿನಿಂದ ಕಲ್ಲಿನ ಸದ್ದು ಕೇಳಿದವರು ಹೊರಗಿನ ಕಲ್ಲಿಗೆ ಚಪ್ಪಾಳೆ ತಟ್ಟಬಾರದು.

ಕಾಯ್ದೆ ಬಂದ ಮಾತ್ರಕ್ಕೆ ಏಟು ನಿಲ್ಲುವುದೇ ಎಂಬ ಆಕ್ಷೇಪವನ್ನು ಬಲ್ಲೆವು. ವೈದ್ಯರ ಕಾಯ್ದೆ ಬಂದ ಮೇಲೂ ಆಸ್ಪತ್ರೆಗಳಲ್ಲಿ ಹಲ್ಲೆ ನಿಂತಿಲ್ಲ. ಗಿರಾಕಿಗೂ ನೋವುಗಳಿವೆ: ತೂಕದಲ್ಲಿ ಮೋಸ, ಹಳಸಿದ ಮಾಲು, ಉಡಾಫೆಯ ಮಾತು. ಅದಕ್ಕೆ ಗ್ರಾಹಕ ಆಯೋಗವಿದೆ, ತೂಕ ಅಳತೆಯ ಇಲಾಖೆಯಿದೆ. ಕೈ ಎತ್ತುವುದು ಅದರ ಪರಿಹಾರವಲ್ಲ. ಇನ್ನೂ ಆಳಕ್ಕೆ ಹೋದರೆ, ಆ ರಾತ್ರಿ ಹೊಡೆದವನೂ ಗುತ್ತಿಗೆಯ ಕೂಲಿಯವನೇ ಇದ್ದಾನು. ಅದೇ ಪಾಳಿಯಲ್ಲಿ ಮೇಸ್ತ್ರಿಯಿಂದ ಬೈಸಿಕೊಂಡು, ನಿದ್ದೆ ಬಾರದ ಕಣ್ಣುಗಳಿಂದ ಬಂದಿದ್ದಾನು. ಮೇಲಿನವನಿಂದ ತಿಂದ ಏಟನ್ನು ಇಳಿಸಲು ನಮ್ಮ ಸಮಾಜ ಸದಾ ಕೆಳಗೊಬ್ಬನನ್ನು ಹುಡುಕುತ್ತದೆ; ಪೇಟೆಯಲ್ಲಿ ಹಾಗೆ ಸುಲಭವಾಗಿ ಸಿಗುವವನು ಕೌಂಟರಿನ ಹಿಂದಿನ ಹುಡುಗ. ಅದಕ್ಕೇ ಕಾನೂನು ಬೇಕು. ಕಾನೂನು ಸಿಟ್ಟನ್ನು ಅಳಿಸಲಾರದು. ಆದರೆ ಸಿಟ್ಟು ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನು ಎಳೆಯಬಲ್ಲದು, ‘ಇದು ಸಣ್ಣ ಜಗಳ, ರಾಜಿ ಮಾಡಿಕೋ’ ಎಂದು ಠಾಣೆ ಕೈತೊಳೆದುಕೊಳ್ಳದಂತೆ ಮಾಡಬಲ್ಲದು.

ದಂಡ ಕಾನೂನೂ ಕಾರ್ಮಿಕರ ವಿಷಯವೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ವೈದ್ಯರಿಗಾಗಿ ಕಾಯ್ದೆ ಮಾಡಿದ ರಾಜ್ಯಗಳು ಅಂಗಡಿ ನೌಕರರಿಗಾಗಿಯೂ ಮಾಡಬಹುದು. ತೆಲಂಗಾಣ, ಕರ್ನಾಟಕ ಸರಕಾರಗಳೆರಡನ್ನೂ ನಾವು ಕೇಳುವುದಿಷ್ಟು: ಕೆಲಸದಲ್ಲಿರುವ ಅಂಗಡಿ, ಹೋಟೆಲು ನೌಕರರ ಮೇಲಿನ ಹಲ್ಲೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾಗಲಿ, ಕಾನೂನನ್ನು ಪಾಲಿಸಿದ್ದಕ್ಕಾಗಿ ಹಲ್ಲೆಯಾದರೆ ಶಿಕ್ಷೆ ಹೆಚ್ಚಲಿ, ಇಂಥ ಪ್ರಕರಣಗಳ ಪ್ರತ್ಯೇಕ ಎಣಿಕೆಯಾಗಲಿ. ಮಾಲೀಕ ಬಂಧುಗಳನ್ನು ಕೇಳುವುದು: ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ, ಕನ್ನಡ ತೆಲುಗು ಹಿಂದಿಗಳಲ್ಲಿ ಬರೆಸಿ ಹಾಕಿರಿ, ರಾತ್ರಿ ಒಬ್ಬನನ್ನೇ ಅಂಗಡಿಯಲ್ಲಿ ಬಿಡಬೇಡಿರಿ, ದೂರು ಕೊಡಲು ನೌಕರನ ಜೊತೆಗೆ ನೀವೇ ಠಾಣೆಗೆ ನಡೆಯಿರಿ, ಆ ದಿನದ ಸಂಬಳ ಹಿಡಿಯಬೇಡಿರಿ. ಸಂಘ ತನ್ನ ಪಾಲಿನದನ್ನೂ ಹೊರಬೇಕು. ನಮ್ಮಲ್ಲಿ ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ, ತೆಲುಗು ಬಲ್ಲವರಿದ್ದಾರೆ. ಹೊಸದಾಗಿ ಬಂದ ಹುಡುಗನೊಬ್ಬ ಪೆಟ್ಟು ತಿಂದ ರಾತ್ರಿ ಅವನ ಜೊತೆಗೆ ಠಾಣೆಗೆ ಹೋಗಿ ಅರ್ಜಿ ಬರೆದುಕೊಡಲು ಇಬ್ಬರು ಸಿದ್ಧರಿದ್ದರೆ, ಅದು ಯಾವ ಕವಿಗೋಷ್ಠಿಗೂ ಕಡಿಮೆಯಲ್ಲದ ಕನ್ನಡದ ಕೆಲಸ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸಲಹೆಯನ್ನು ಮಂಡಿಸಲಿದ್ದೇವೆ.

ಕೊನೆಗೆ, ಅಂಗಡಿಯೂ ಇಲ್ಲದ, ಅಧಿಕಾರವೂ ಇಲ್ಲದ ಓದುಗರಿಗೆ ಒಂದು ಮಾತು. ನಾವೆಲ್ಲರೂ ದಿನಕ್ಕೊಮ್ಮೆಯಾದರೂ ಗಿರಾಕಿಗಳು. ಹುಡುಗನ ನೆನಪಿನಲ್ಲಿ ಉಳಿದದ್ದು ಹೊಡೆದವನ ಕೈಯಲ್ಲ, ನೋಡುತ್ತ ನಿಂತವರ ನಗು. ಹೊಡೆಯುವವರು ಎಂದಿಗೂ ಕೆಲವರೇ; ಪಕ್ಕದಲ್ಲಿ ನಿಲ್ಲುವವರು ನಾವು. ಮುಂದಿನ ಸಲ ಅಂಥ ಸಾಲಿನಲ್ಲಿ ನಿಂತಾಗ “ಯಾಕ್ರೀ ಅವನ ಮ್ಯಾಲ ಕೈ ಮಾಡ್ತೀರಿ?” ಎಂದು ಒಬ್ಬರಾದರೂ ಕೇಳಿದರೆ, ಕಾನೂನು ಬರುವವರೆಗೆ ಅಷ್ಟೇ ಅವನ ಆಸರೆ. ಹುಡುಗ ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ಚೀಟಿಯಿಲ್ಲದೆ ಬಂದವರಿಗೆ ಈಗಲೂ ‘ಇಲ್ಲ’ ಎನ್ನುತ್ತಾನೆ. ಅವನು ‘ಹೂಂ’ ಎನ್ನಲು ಕಲಿತ ದಿನ ನಷ್ಟ ಅವನದಾಗಿರುವುದಿಲ್ಲ, ನಮ್ಮದಾಗಿರುತ್ತದೆ.